ಬಾಲದಿಂದ ಎಣಿಸಿದ ಪದ

2003ರ ನವೆಂಬರ್‌ನಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಒಂದು ಏಕದಿನ ಪಂದ್ಯ ನಡೆಯಿತು. ಸೆಹ್ವಾಗ್, ತೆಂಡೂಲ್ಕರ್ ಇಬ್ಬರೂ ಶತಕ ಬಾರಿಸಿದ್ದರು. ಆದರೂ ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಹುಡುಗರ ಬಾಯಲ್ಲಿ ಕುಣಿಯುತ್ತಿದ್ದ ಹೆಸರು ರಾಹುಲ್ ದ್ರಾವಿಡ್‌ನದು. ಗೋಡೆಯಂತೆ ನಿಲ್ಲುವವನೆಂದು ಹೆಸರಾಗಿದ್ದ ಆಟಗಾರ ಅವತ್ತು 22 ಎಸೆತಗಳಲ್ಲಿ ಅರ್ಧಶತಕ ಹೊಡೆದಿದ್ದ. ಅದಾದ ಕೆಲವೇ ದಿನಗಳಲ್ಲಿ ಹತ್ತನೇ ತರಗತಿಯ ಹುಡುಗನೊಬ್ಬ ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟದಲ್ಲಿ ಕಂಡ ಒಂದು ಪದವನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡು ಬಂದ. "ಮೇಡಂ, ಇದನ್ನ ಹೆಂಗೆ ಓದೋದು?"

ಪದ ಅನ್‌ಕ್ಯಾರಕ್ಟರಿಸ್ಟಿಕಲಿ. ತನ್ನ ಸ್ವಭಾವಕ್ಕೆ ಹೊರತಾದ ರೀತಿಯಲ್ಲಿ ಎಂದರ್ಥ. ದ್ರಾವಿಡ್‌ನ ಅವತ್ತಿನ ಆಟಕ್ಕೆ ಇದಕ್ಕಿಂತ ಒಪ್ಪುವ ಕ್ರಿಯಾವಿಶೇಷಣ ಸಿಗುವುದು ಕಷ್ಟ.

ಇಂಗ್ಲಿಷ್ ಮೇಡಂ ಅದನ್ನು ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಬರೆದರು. ಮಕ್ಕಳು ಎಣಿಸಿದರು, 20 ಅಕ್ಷರ. ಓದಿ ಎಂದಾಗ ಮೊದಲ ಬೆಂಚು "ಅನ್ ಚಾರಾಕ್" ಎನ್ನುವಷ್ಟಕ್ಕೇ ನಿಂತಿತು. ಸಿ-ಎಚ್ ಕಂಡ ಕೂಡಲೇ ಚಕಾರ ಹೇಳುವುದು ಕನ್ನಡ ಮಾಧ್ಯಮದ ಮಕ್ಕಳಿಗೆ ಸಹಜ. ಅದನ್ನು ತಿದ್ದಿದ ಮೇಲೆ ಹಿಂದಿನ ಬೆಂಚಿನವರು "ಅನ್ — ಕ್ಯಾರೆಕ್ಟರ್ — ಇಸ್ಟಿಕಲ್ಲಿ" ಎಂದು ಮೂರು ತುಂಡು ಮಾಡಿದರು. ತುಂಡುಗಳಲ್ಲಿ ತಪ್ಪಿರಲಿಲ್ಲ. ಎಲ್ಲ ತುಂಡಿನ ಮೇಲೂ ಒಂದೇ ತೂಕ ಬಿದ್ದಿತ್ತು, ತೊಡಕಿದ್ದದ್ದು ಅಲ್ಲಿ.

ನಿವೃತ್ತರಾಗಿ ಊರಿನಲ್ಲಿ ನೆಲೆಸಿರುವ ಮೇಡಂ ತಮ್ಮ ವೃತ್ತಿಯ ವರ್ಷಗಳನ್ನು ನೆನೆಯುವಾಗ ಈ ಒಂದು ಪದದ ಬಳಿ ಬಹಳ ಹೊತ್ತು ನಿಲ್ಲುತ್ತಾರೆ. ಅವರು ಇಂಗ್ಲಿಷ್ ಕಲಿತದ್ದು ಐದನೇ ತರಗತಿಯಿಂದ, ಅದೂ ಸ್ಪೆಲಿಂಗ್ ಮೂಲಕ. ಉದ್ದ ಪದ ಬಂದರೆ ಒಡೆದು ಬಾಯಿಪಾಠ ಮಾಡುವುದು ಆಗಿನ ಕ್ರಮ. ಬರೆಯುವುದಕ್ಕೆ ಅದು ಬಹಳ ಉಪಯೋಗಕ್ಕೆ ಬಂತು. ಆದರೆ ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಹಾಕಿದರೆ ಪುಸ್ತಕದಲ್ಲಿ ಗುರುತಿದ್ದ ಪದಗಳೇ ಕಿವಿಗೆ ಹೊಸಬರಂತೆ ಕೇಳುತ್ತಿದ್ದವು. ಇದು ಯಾಕೆ ಹೀಗೆ ಎಂಬುದು ಅವರಿಗೆ ತಿಳಿದದ್ದು ಶಿಕ್ಷಕಿಯಾದ ಮೇಲೆ, ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ತರಬೇತಿಗೆ ಹೋದಾಗ. 1963ರಲ್ಲಿ ಶುರುವಾದ ಆ ಸಂಸ್ಥೆ ದಕ್ಷಿಣದ ರಾಜ್ಯಗಳ ಶಾಲಾ ಶಿಕ್ಷಕರಿಗೆ ಇಂಗ್ಲಿಷ್ ಕಲಿಸುವ ಬಗೆಯನ್ನು ಹೇಳಿಕೊಡುತ್ತದೆ. ಅಲ್ಲಿ ಧ್ವನಿವಿಜ್ಞಾನದ ಪಾಠಗಳಿದ್ದವು. ನಿಘಂಟಿನಲ್ಲಿ ಪದದ ಪಕ್ಕ ಓರೆಗೀಟುಗಳ ನಡುವೆ ಅಚ್ಚಾಗಿರುವ ವಿಚಿತ್ರ ಅಕ್ಷರಗಳನ್ನು ಅವರು ಓದಲು ಕಲಿತದ್ದು ಅಲ್ಲೇ.

ಆ ಸಾಲಿನಲ್ಲಿ ಒಂದು ಚಿಕ್ಕ ನೆಟ್ಟನೆಯ ಗೀಟು ಮೇಲ್ಗಡೆ ಇರುತ್ತದೆ. ಅದರ ಮುಂದಿನ ಸಿಲಬಲ್ ಮೇಲೆ ಮುಖ್ಯ ಬಡಿತ ಎಂದರ್ಥ. ಅಂಥದ್ದೇ ಗೀಟು ಕೆಳಗಡೆ ಇದ್ದರೆ ಸಣ್ಣ ಬಡಿತ. ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಸಿದ್ಧಪಡಿಸಿ, 1942ರಲ್ಲಿ ಅಲ್ಲೇ ಅಚ್ಚು ಮಾಡಿಸಿದ ನಿಘಂಟು ಮುಂದೆ ಆಕ್ಸ್‌ಫರ್ಡ್ ಕಲಿಯುವವರ ನಿಘಂಟಾಗಿ ಭಾರತದ ಶಿಕ್ಷಕರ ಮೇಜಿಗೆ ಬಂತು. ಅದಕ್ಕೂ ಮೊದಲು, 1917ರಲ್ಲೇ, ಡೇನಿಯಲ್ ಜೋನ್ಸ್ ಲಂಡನ್ನಿನಲ್ಲಿ ಉಚ್ಚಾರಣೆಗೆಂದೇ ಒಂದು ನಿಘಂಟು ಹೊರತಂದಿದ್ದರು. ಇಷ್ಟೆಲ್ಲ ಸಾಮಗ್ರಿ ಇದ್ದೂ ನಮ್ಮ ಪಠ್ಯಪುಸ್ತಕಗಳ ಹಿಂದಿನ ಪದಪಟ್ಟಿಯಲ್ಲಿ ಅರ್ಥ ಮಾತ್ರ ಇರುತ್ತಿತ್ತು, ಆ ಗೀಟು ಇರುತ್ತಿರಲಿಲ್ಲ. ಮಕ್ಕಳಿಗೆ ಇದರಿಂದ ಅನ್ಯಾಯವಾಗಿದೆ ಎಂದು ಮೇಡಂ ಈಗಲೂ ಖಂಡಿತವಾಗಿ ಹೇಳುತ್ತಾರೆ. ಅವರ ಮಾತಿಗೆ ಆಧಾರವೂ ಇದೆ. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಲ್ಲಿದ್ದ ಆರ್.ಕೆ. ಬನ್ಸಲ್ ಭಾರತೀಯರ ಇಂಗ್ಲಿಷ್ ಬೇರೆಯವರಿಗೆ ಎಷ್ಟು ಅರ್ಥವಾಗುತ್ತದೆ ಎಂಬುದನ್ನು ಅಳೆದು 1969ರಲ್ಲಿ ಪ್ರಕಟಿಸಿದರು. ಮಾತು ತಿಳಿಯದೇ ಹೋಗುವುದಕ್ಕೆ ಅವರು ಕಂಡ ಮುಖ್ಯ ಕಾರಣಗಳಲ್ಲಿ ಪದದೊಳಗಿನ ಬಡಿತ ತಪ್ಪಾದ ಜಾಗದಲ್ಲಿ ಬೀಳುವುದೂ ಒಂದು.

ಬಡಿತ ಎಂಬ ಹೆಸರು ಮೇಡಂ ಕೊಟ್ಟದ್ದು. ಒತ್ತು ಎಂದರೆ ಮಕ್ಕಳು ಒತ್ತಕ್ಷರ ಹುಡುಕುತ್ತಿದ್ದರು.

ಬೋರ್ಡಿನ ಮೇಲಿದ್ದ ಪದದ ತಲೆಯನ್ನೂ ಬಾಲವನ್ನೂ ಅವರು ಡಸ್ಟರ್‌ನಿಂದ ಒರೆಸಿದರು. ನಡುವೆ ಕ್ಯಾರಕ್ಟರ್ ಉಳಿಯಿತು. ಇದು ಎಲ್ಲರಿಗೂ ಗೊತ್ತಿರುವ ಪದ, ಸಿನಿಮಾ ಮಾತಿನಲ್ಲಿ ದಿನವೂ ಬರುವುದು. ಮೂರು ಸಿಲಬಲ್, ಬಡಿತ ಮೊದಲನೆಯದರ ಮೇಲೆ: ಕ್ಯಾ ದೊಡ್ಡದು, ರಕ್ ಮತ್ತು ಟರ್ ಎರಡೂ ಮೆಲ್ಲಗೆ. ಮಕ್ಕಳು ಡೆಸ್ಕ್ ಬಡಿದರು. ಆಮೇಲೆ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಇಸ್ಟಿಕ್ ಸೇರಿಸಿದರು. ಈಗ ಬಡಿತ ಎಲ್ಲಿ? ಬಹಳಷ್ಟು ಕೈಗಳು ಮತ್ತೆ ಕ್ಯಾ ಮೇಲೇ ಬಿದ್ದವು. ಮೇಡಂ ಹೇಳಿ ತೋರಿಸಿದರು: ಕ್ಯಾ-ರಕ್-ಟ-ರಿಸ್-ಟಿಕ್. ದೊಡ್ಡ ಬಡಿತ ಮೊದಲ ಮನೆ ಬಿಟ್ಟು ನಾಲ್ಕನೆಯ ಮನೆಗೆ, ರಿಸ್ ಮೇಲಕ್ಕೆ ಬಂದು ಕೂತಿತ್ತು. ಕ್ಯಾ ಮೇಲೆ ಸಣ್ಣದೊಂದು ಬಡಿತ ಉಳಿದಿತ್ತು. ಮತ್ತೆ ಬಾಲ ಬೆಳೆಸಿದರು, ಎ-ಎಲ್-ಎಲ್-ವೈ. ಬಡಿತ ಅಲ್ಲಾಡಲಿಲ್ಲ. ಕೊನೆಗೆ ಮುಂದೆ ಅನ್ ಹಚ್ಚಿದರು. ಆಗಲೂ ಅದು ರಿಸ್ ಮೇಲೆಯೇ ನಿಂತಿತ್ತು.

ಅಂದರೆ ಬಾಲಗಳಲ್ಲಿ ಎರಡು ಜಾತಿ. ಐ-ಸಿ ಬಂದರೆ ಬಡಿತ ತನ್ನ ಹಿಂದಿನ ಸಿಲಬಲ್‌ಗೆ ಓಡಿಬರುತ್ತದೆ. ಹಿಸ್ಟರಿಯಲ್ಲಿ ಹಿಸ್ ಮೇಲಿದ್ದದ್ದು ಹಿಸ್ಟಾರಿಕ್‌ನಲ್ಲಿ ಸ್ಟಾ ಮೇಲೆ. ಎಕಾನಮಿಯಲ್ಲಿ ಕಾ ಮೇಲಿದ್ದದ್ದು ಎಕನಾಮಿಕ್‌ನಲ್ಲಿ ನಾ ಮೇಲೆ. ಆಟಮ್, ಅಟಾಮಿಕ್. ಡೆಮಾಕ್ರಸಿ, ಡೆಮಕ್ರ್ಯಾಟಿಕ್. ಐ-ಟಿ-ವೈ, ಐ-ಒ-ಎನ್, ಐ-ಎ-ಎನ್ ಬಾಲಗಳೂ ಹಾಗೆಯೇ ಎಳೆಯುತ್ತವೆ. ಎಲ್-ವೈ, ನೆಸ್, ಫುಲ್, ಲೆಸ್ ಇವು ಸುಮ್ಮನೆ ಬಂದು ಅಂಟಿಕೊಳ್ಳುತ್ತವೆ, ಬಡಿತವನ್ನು ಮುಟ್ಟುವುದಿಲ್ಲ. ಎಳೆಯುವ ಬಾಲಗಳು ಗ್ರೀಕ್, ಲ್ಯಾಟಿನ್, ಫ್ರೆಂಚ್ ಕಡೆಯಿಂದ ಬಂದವು. ಸುಮ್ಮನಿರುವವು ಇಂಗ್ಲಿಷಿನ ಸ್ವಂತ ಜರ್ಮಾನಿಕ್ ಸೊತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು, ಪುನರುಜ್ಜೀವನದ ಕಾಲದಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಪದಗಳು ಹೊಳೆಯಂತೆ ಹರಿದುಬಂದವು. ಬರುವಾಗ ತಮ್ಮ ಬಡಿತದ ಪದ್ಧತಿಯನ್ನೂ ಜೊತೆಗೆ ತಂದವು. ಬೇರು ಪದದ ಮೊದಲ ಸಿಲಬಲ್ ಮೇಲೆಯೇ ಬಡಿಯುತ್ತಿದ್ದ ಹಳೆಯ ಇಂಗ್ಲಿಷಿನ ಒಳಗೆ ಇನ್ನೊಂದು ಕಾನೂನು ಜಾರಿಗೆ ಬಂದದ್ದು ಹೀಗೆ.

ಆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಮೇಡಂ ಇದನ್ನೇ ಹೇಳುತ್ತಿದ್ದಾಗ ಕನ್ನಡ ಪಂಡಿತರು ಟಿಫನ್ ಡಬ್ಬಿ ಮುಚ್ಚಿಟ್ಟು ಕಾಗದ ತೆಗೆದುಕೊಂಡರು. "ಕನ್ನಡದಲ್ಲಿ ಬರೀರಿ ಮೇಡಂ, ಪ್ರಸ್ತಾರ ಹಾಕಿ ನೋಡೋಣ." ಅವರು ಪದವನ್ನು ಅ-ನ್ಕ್ಯಾ-ರ-ಕ್ಟ-ರಿ-ಸ್ಟಿ-ಕ್ಲಿ ಎಂದು ಬಿಡಿಸಿ ಮೇಲೆ ಲಘು ಗುರು ಗುರುತು ಹಾಕಿದರು: ಗುರು, ಗುರು, ಗುರು, ಲಘು, ಗುರು, ಗುರು, ಲಘು. ಏಳು ಅಕ್ಷರ, 12 ಮಾತ್ರೆ. ನಾಲ್ಕು ಮಾತ್ರೆಯ ಗಣ ಹಾಕಲು ಹೋದರೆ ಎರಡನೆಯ ಗಣದಲ್ಲೇ ಗುರು ಒಡೆಯುತ್ತಿತ್ತು. "ಇದು ನಮ್ಮ ಷಟ್ಪದಿಗೆ ಬರೋಲ್ಲ" ಎಂದು ನಕ್ಕರು.

ಆ ಕಾಗದದಲ್ಲಿ ಒಂದು ಮುಖ್ಯ ವಿಷಯವಿತ್ತು. ಪಂಡಿತರ ಲೆಕ್ಕದಲ್ಲಿ ಐದು ಗುರು. ಇಂಗ್ಲಿಷ್ ಮಾತಿನಲ್ಲಿ ಅವುಗಳಲ್ಲಿ ಬಡಿತ ಬೀಳುವುದು ಮೂರರ ಮೇಲೆ: ಅನ್ ಮತ್ತು ಕ್ಯಾ ಮೇಲೆ ಸಣ್ಣದು, ರಿಸ್ ಮೇಲೆ ದೊಡ್ಡದು. ರಕ್ ಎಂಬುದು ನಮ್ಮ ಕಿವಿಗೆ ಗಟ್ಟಿ ಗುರು. ಇಂಗ್ಲಿಷರು ಅದನ್ನು ನುಂಗಿಬಿಡುತ್ತಾರೆ, ಸ್ವರವನ್ನು ಗುರುತೇ ಸಿಗದಷ್ಟು ಮಸುಕು ಮಾಡುತ್ತಾರೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರದರ ಸ್ವರ ಪೂರ್ತಿ ಸಲ್ಲಬೇಕು. ಹ್ರಸ್ವ ದೀರ್ಘ ತಪ್ಪಿದರೆ ಅರ್ಥ ಕೆಡುತ್ತದೆ, ಆದರೆ ಯಾವ ಅಕ್ಷರವನ್ನು ಜೋರಾಗಿ ಹೇಳಿದರೂ ಪದ ಅದೇ. ಇಂಥ ಕಿವಿ ಇರುವ ಮಗು ಇಂಗ್ಲಿಷಿನ ಏಳು ಸಿಲಬಲ್‌ಗೂ ಸಮನಾಗಿ ಬೆಲೆ ಕೊಟ್ಟು ಓದಿದರೆ ಅದು ಸೋಮಾರಿತನ ಅಲ್ಲ. ತನ್ನ ಭಾಷೆಯಲ್ಲಿ ಕಲಿತ ಅಚ್ಚುಕಟ್ಟುತನವನ್ನೇ ಅದು ಅಲ್ಲಿಗೂ ಒಯ್ಯುತ್ತಿರುತ್ತದೆ. ಮೇಡಂ ಇದನ್ನು ಪೋಷಕರಿಗೂ ಹೇಳುತ್ತಿದ್ದರು.

ಪಂಡಿತರು ಅಷ್ಟಕ್ಕೇ ಬಿಡಲಿಲ್ಲ. "ಬಾಲ ಬಂದ್ರೆ ಪದದ ಒಳಗೆ ಬದಲಾಗುತ್ತೆ ಅಂದ್ರಲ್ಲ, ಅದು ನಮ್ಮಲ್ಲೂ ಇದೆ" ಎಂದರು. ಇತಿಹಾಸಕ್ಕೆ ಇಕ ಸೇರಿದರೆ ಐತಿಹಾಸಿಕ. ಸ್ವಭಾವ, ಸ್ವಾಭಾವಿಕ. ಸಂವಿಧಾನ, ಸಾಂವಿಧಾನಿಕ. ಪ್ರತ್ಯಯ ಕೂತದ್ದು ಕೊನೆಯಲ್ಲಿ, ಬದಲಾದದ್ದು ಮೊದಲಿನ ಸ್ವರ. ಸಂಸ್ಕೃತ ವ್ಯಾಕರಣ ಇದನ್ನು ಆದಿವೃದ್ಧಿ ಎನ್ನುತ್ತದೆ, ಪಾಣಿನಿ ಇದಕ್ಕೆ ಸೂತ್ರ ಮಾಡಿಟ್ಟಿದ್ದಾನೆ. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದಾಗ ಕನ್ನಡದ ತದ್ಧಿತಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ಹೆಸರಿಗೆ ಬಾಲ ಹಚ್ಚಿ ಹೊಸ ಹೆಸರು ಮಾಡುವ ಕೆಲಸವನ್ನು ಇಷ್ಟು ಶಿಸ್ತಾಗಿ ಗಮನಿಸಿದ ಪರಂಪರೆ ನಮ್ಮ ಪಕ್ಕದಲ್ಲೇ ಇದೆ.

ಮೇಡಂಗೆ ಕೈಗೆ ಬೀಗದ ಕೈ ಸಿಕ್ಕಂತಾಯಿತು. ಮರುದಿನ ಬೋರ್ಡಿನ ಎಡಭಾಗದಲ್ಲಿ ಇತಿಹಾಸ, ಐತಿಹಾಸಿಕ, ಐತಿಹಾಸಿಕವಾಗಿ. ಬಲಭಾಗದಲ್ಲಿ ಹಿಸ್ಟರಿ, ಹಿಸ್ಟಾರಿಕ್, ಹಿಸ್ಟಾರಿಕಲಿ. ಇಕ ಬಂದಾಗ ತಲೆಯ ಸ್ವರ ಬೆಳೆಯಿತು, ಐ-ಸಿ ಬಂದಾಗ ಬಡಿತ ಜರುಗಿತು. ಆಗಿ ಬಂದಾಗ ಎಡಗಡೆ ಏನೂ ಬದಲಾಗಲಿಲ್ಲ, ಎಲ್-ವೈ ಬಂದಾಗ ಬಲಗಡೆಯೂ ಬದಲಾಗಲಿಲ್ಲ. ಹೊರಗಿನಿಂದ ಬಂದ ಬಾಲ ಒಳಗೆ ಕೈ ಹಾಕುತ್ತದೆ, ಮನೆಯ ಬಾಲ ಸುಮ್ಮನೆ ಸೇರುತ್ತದೆ. ಎರಡೂ ಭಾಷೆಯಲ್ಲಿ ಇದು ಹೀಗೆ ಒಂದೇ ರೀತಿ ಕಾಣುತ್ತದೆ ಎಂಬುದು ಆ ತರಗತಿಗೆ ದೊಡ್ಡ ಸಂತೋಷ ಕೊಟ್ಟಿತು. ವ್ಯಾಕರಣದ ಪೀರಿಯಡ್‌ನಲ್ಲಿ ಮಕ್ಕಳು ನಾ ಮುಂದು ತಾ ಮುಂದು ಎಂದು ಉದಾಹರಣೆ ಕೂಗುವುದು ದಿನಾ ಕಾಣುವ ದೃಶ್ಯವಲ್ಲ.

ಬಾಲಗಳ ವಂಶಾವಳಿಯೂ ಸ್ವಾರಸ್ಯವಾಗಿದೆ. ಎಲ್-ವೈ ಎಂಬ ಪುಟ್ಟ ಬಾಲ ಹಳೆಯ ಇಂಗ್ಲಿಷಿನಲ್ಲಿ ಲಿಕ್ ಎಂಬ ಸ್ವತಂತ್ರ ಪದದ ಬಳಗ. ಅದರ ಅರ್ಥ ದೇಹ, ಆಕಾರ. ಇಂಗ್ಲೆಂಡಿನ ಹಳೆಯ ಚರ್ಚುಗಳ ಮುಂದೆ ಚಾವಣಿ ಇರುವ ಒಂದು ಹೆಬ್ಬಾಗಿಲು ಇರುತ್ತದೆ. ಶವವನ್ನು ಒಳಗೆ ಒಯ್ಯುವ ಮುನ್ನ ಪಾದ್ರಿ ಬರುವವರೆಗೆ ಇಳಿಸುತ್ತಿದ್ದ ಆ ಜಾಗವನ್ನು ಇವತ್ತಿಗೂ ಲಿಚ್‌ಗೇಟ್ ಎನ್ನುತ್ತಾರೆ. ಆ ಲಿಚ್ ಇದೇ ಪದ. ಕನ್ನಡದ ಆಗಿ ಕೂಡ ಆಗು ಎಂಬ ನಿಜವಾದ ಕ್ರಿಯಾಪದದಿಂದ ಬಂದದ್ದು. ಕ್ಯಾರಕ್ಟರ್ ಗ್ರೀಕ್ ಮೂಲದ್ದು, ನಾಣ್ಯಕ್ಕೆ ಅಚ್ಚೊತ್ತುವ ಉಳಿ ಮತ್ತು ಅದರಿಂದ ಮೂಡಿದ ಗುರುತು ಎರಡಕ್ಕೂ ಆ ಹೆಸರಿತ್ತು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಥಿಯೋಫ್ರಾಸ್ಟಸ್ ಮೂವತ್ತು ಬಗೆಯ ಮನುಷ್ಯರ ಸ್ವಭಾವಗಳನ್ನು ಚಿತ್ರಿಸಿ ಬರೆದ ಪುಸ್ತಕಕ್ಕೆ ಇದೇ ಹೆಸರಿದೆ. ಅನ್ ಮತ್ತೆ ಜರ್ಮಾನಿಕ್. ಹೀಗೆ ದ್ರಾವಿಡ್‌ಗೆ ಒಪ್ಪಿದ ಆ ಒಂದು ಪದದಲ್ಲಿ ತಲೆಯೂ ಕೊನೆಯ ಬಾಲವೂ ಇಂಗ್ಲಿಷಿನವು, ಹೊಟ್ಟೆ ಗ್ರೀಕಿನದು, ನಡುವಿನ ಅಲ್ ಲ್ಯಾಟಿನ್ನಿನದು.

ಆ ಅಲ್ ಬರೀ ಬರಹದಲ್ಲಿದೆ, ಬಾಯಲ್ಲಿ ಇಲ್ಲವೆಂದೇ ಹೇಳಬೇಕು. ಸ್ಪೆಲಿಂಗ್ ಪ್ರಕಾರ ಒಡೆದರೆ ಎಂಟು ಸಿಲಬಲ್ ಆಗುತ್ತವೆ, ಸಾಮಾನ್ಯವಾಗಿ ಕೇಳುವುದು ಏಳು. ಐ-ಸಿಯಲ್ಲಿ ಮುಗಿಯುವ ವಿಶೇಷಣಗಳು ಕ್ರಿಯಾವಿಶೇಷಣ ಆಗುವಾಗ ಬರಹದಲ್ಲಿ ಅಲ್ ಸೇರಿಸಿಕೊಳ್ಳುತ್ತವೆ, ಮಾತಿನಲ್ಲಿ ಅದನ್ನು ಬಿಟ್ಟು ಕ್ಲಿ ಎನ್ನುತ್ತವೆ. ಪಬ್ಲಿಕ್ ಒಂದು ಹಠಮಾರಿ, ಬರಹದಲ್ಲೂ ಅಲ್ ಇಲ್ಲದೆ ಪಬ್ಲಿಕ್ಲಿ ಆಗುತ್ತದೆ. ಮಕ್ಕಳಿಗೆ ಇದು ಬೇಗ ಹತ್ತಿತು, ಏಕೆಂದರೆ ಊರಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ಬಗ್ಗೆ ಮಾತಾಡುವಾಗ "ಕರೆಂಟ್ ಬಂದ್ರೆ ಆಟೋಮ್ಯಾಟಿಕ್ಕಾಗಿ ಆನ್ ಆಗುತ್ತೆ" ಎಂದು ಎಲ್ಲರೂ ಹೇಳುತ್ತಿದ್ದರು. ಐ-ಸಿ ಬಾಲದ ಮೇಲೆ ಕನ್ನಡದ ಆಗಿ ನೇರವಾಗಿ ಕೂತಿದೆ, ನಡುವೆ ಅಲ್ ಬೇಕಾಗಿಲ್ಲ. ಇಂಗ್ಲಿಷರು ಬಾಯಲ್ಲಿ ಮಾಡುವುದನ್ನೇ ನಮ್ಮ ರೈತರು ಮಾಡಿದ್ದಾರೆ.

ಪಂಡಿತರ ಲಘು ಗುರುವಿಗೂ ಇಂಗ್ಲಿಷಿನಲ್ಲಿ ಸಲ್ಲುವ ಜಾಗವೊಂದಿದೆ ಎಂಬುದು ಮೇಡಂಗೆ ಗೊತ್ತಿತ್ತು. ಲ್ಯಾಟಿನ್ನಿನಲ್ಲಿ ಬಡಿತದ ಕಾನೂನು ಹೀಗೆ: ಕೊನೆಯಿಂದ ಎರಡನೆಯ ಸಿಲಬಲ್ ಗುರುವಾಗಿದ್ದರೆ ಬಡಿತ ಅದರ ಮೇಲೆ, ಲಘುವಾಗಿದ್ದರೆ ಅದರ ಹಿಂದಿನದರ ಮೇಲೆ. ಇಂಗ್ಲಿಷಿನ ಎಷ್ಟೋ ನಾಮಪದಗಳು ಇದನ್ನು ಪಾಲಿಸುತ್ತವೆ. 1968ರಲ್ಲಿ ನೋಮ್ ಚಾಮ್‌ಸ್ಕಿ ಮತ್ತು ಮಾರಿಸ್ ಹ್ಯಾಲೆ ಇಂಗ್ಲಿಷಿನ ಧ್ವನಿವ್ಯವಸ್ಥೆಯ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಬಡಿತದ ನಿಯಮಗಳು ಇದೇ ದಾರಿಯಲ್ಲಿ ಸಾಗುತ್ತವೆ. ಅಜೆಂಡಾದಲ್ಲಿ ಜೆನ್ ಗುರು, ಬಡಿತ ಅಲ್ಲಿ. ವೆರಾಂಡಾದಲ್ಲಿ ರಾನ್ ಮೇಲೆ. ಸಿನಿಮಾದಲ್ಲಿ ನಿ ಲಘು, ಹಾಗಾಗಿ ಸಿ ಮೇಲೆ. ಅಮೆರಿಕದಲ್ಲಿ ರಿ ಲಘು, ಹಾಗಾಗಿ ಮೆ ಮೇಲೆ. ಇಂಗ್ಲಿಷರು ನಮ್ಮ ರಾಜ್ಯದ ಹೆಸರು ಹೇಳುವಾಗ ಕರ್ನಾಟಕದ ನಾ ಮೇಲೆ ಯಾಕೆ ಒರಗುತ್ತಾರೆ, ಬೆಂಗಳೂರು ಎನ್ನುವಾಗ ಳೂ ಯಾಕೆ ಎಳೆಯುತ್ತಾರೆ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ನಾವು ಆ ಹೆಸರುಗಳನ್ನು ಹಾಗೆ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಕನ್ನಡ ಕಾವ್ಯದ ಕಿವಿ ಸಾಲಿನ ಆರಂಭದಲ್ಲಿರುತ್ತದೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಕೂರಿಸಿ ನಮ್ಮ ಕವಿಗಳು ಶತಮಾನಗಳ ಕಾಲ ಬರೆದರು. ಇಂಗ್ಲಿಷಿನ ಉದ್ದ ಪದಕ್ಕೆ ಮಾತ್ರ ಎಣಿಕೆ ಹಿಂದಿನಿಂದ ಶುರುವಾಗಬೇಕು. ಅನ್‌ಕ್ಯಾರಕ್ಟರಿಸ್ಟಿಕಲಿಯಲ್ಲಿ ರಿಸ್ ಮುಂದಿನಿಂದ ಐದನೆಯದು, ಹಿಂದಿನಿಂದ ಮೂರನೆಯದು. ಐದು ಎಂದು ನೆನಪಿಟ್ಟರೆ ಈ ಒಂದು ಪದ ಬರುತ್ತದೆ. ಮೂರು ಎಂದು ನೆನಪಿಟ್ಟರೆ ಐ-ಸಿ-ಎ-ಎಲ್-ಎಲ್-ವೈಯಲ್ಲಿ ಮುಗಿಯುವ ಎಷ್ಟೋ ಪದಗಳು ಒಟ್ಟಿಗೆ ಬರುತ್ತವೆ. ಮೇಡಂ ಕಲಿಸಿದ ಪಾಠದ ತಿರುಳು ಇಷ್ಟೇ. ಸ್ಪೆಲಿಂಗ್ ಮುಂದಿನಿಂದ ಕಲಿಸಿ, ಉಚ್ಚಾರಣೆ ಹಿಂದಿನಿಂದ ಕಲಿಸಿ ಎಂದು ಅವರು ಹೊಸ ಶಿಕ್ಷಕರಿಗೆ ಈಗಲೂ ಹೇಳುತ್ತಾರೆ.

ಇದನ್ನು ಪರೀಕ್ಷಿಸಲು ಮಕ್ಕಳೇ ಒಂದು ರಾಕ್ಷಸ ಪದ ತಂದರು. ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ, 28 ಅಕ್ಷರ. ಚರ್ಚಿಗೆ ಸರ್ಕಾರ ಕೊಟ್ಟಿರುವ ಅಧಿಕೃತ ಸ್ಥಾನವನ್ನು ಕಿತ್ತುಹಾಕಬಾರದು ಎನ್ನುವ ನಿಲುವಿಗೆ ಆ ಹೆಸರು. 1869ರಲ್ಲಿ ಗ್ಲಾಡ್‌ಸ್ಟನ್ ಪ್ರಧಾನಿಯಾಗಿದ್ದಾಗ ಐರ್ಲೆಂಡಿನ ಚರ್ಚಿನ ಅಧಿಕೃತ ಸ್ಥಾನವನ್ನು ಕಾನೂನು ಮಾಡಿ ತೆಗೆದುಹಾಕಲಾಯಿತು. ವೇಲ್ಸ್‌ನಲ್ಲಿ ಅದೇ ಕೆಲಸ 1920ರಲ್ಲಿ ಜಾರಿಗೆ ಬಂತು. ಇಂಥ ಜಗಳಗಳ ನಡುವೆ ಹುಟ್ಟಿದ ಪದ 1955ರಲ್ಲಿ ಅಮೆರಿಕದ ಒಂದು ಟೆಲಿವಿಷನ್ ಕ್ವಿಜ್‌ನಲ್ಲಿ ಮನೆಮಾತಾಯಿತು. ಬಾಲ್ಟಿಮೋರ್‌ನ ಹನ್ನೆರಡು ವರ್ಷದ ಗ್ಲೋರಿಯಾ ಲಾಕರ್‌ಮನ್ ಎಂಬ ಹುಡುಗಿ ಅದರ ಸ್ಪೆಲಿಂಗ್ ಒಂದೂ ತಪ್ಪಿಲ್ಲದೆ ಹೇಳಿ ದೇಶದಾದ್ಯಂತ ಹೆಸರಾದಳು. ಇಲ್ಲಿ ದೊಡ್ಡ ಬಡಿತ ಟೇ ಮೇಲೆ, ಐ-ಎ-ಎನ್ ಬಾಲದ ಎಳೆತದಿಂದ. ಅದರ ಇಸಂ ತೆಗೆದು ಇಸ್ಟಿಕಲಿ ಹಚ್ಚಿ ಕ್ರಿಯಾವಿಶೇಷಣ ಮಾಡಿದರೆ 34 ಅಕ್ಷರ ಆಗುತ್ತದೆ. ಮಾತಿನಲ್ಲಿ ಯಾರೂ ಬಳಸದ, ಬರೀ ಕಟ್ಟಿ ನೋಡುವ ಪದ ಅದು. ಹಾಗಿದ್ದೂ ಹತ್ತನೇ ತರಗತಿಯವರು ಅದನ್ನು ಸೋಲದೆ ಓದಿದರು. ಬಡಿತ ಟೇ ಬಿಟ್ಟು ಜರುಗಿ ನಿಸ್ ಮೇಲೆ ನಿಂತಿತು, ಹಿಂದಿನಿಂದ ಮೂರನೆಯದರ ಮೇಲೆ.

ನಿಯಮ ಸಿಕ್ಕಿದ ಉಮೇದಿನಲ್ಲಿ ಮಕ್ಕಳು ಐ-ಸಿ ಪದಗಳ ಬೇಟೆಗೆ ಇಳಿದರು. ತರಗತಿಯ ಹಿಂದಿನ ಗೋಡೆಗೆ ಹಳೆಯ ಕ್ಯಾಲೆಂಡರ್ ಹಾಳೆಯೊಂದನ್ನು ಮಗುಚಿ ಅಂಟಿಸಿ ಎರಡು ಪಟ್ಟಿ ಮಾಡಿದರು. ಮಾತು ಕೇಳುವ ಪದಗಳು ಒಂದು ಕಡೆ: ಸೈಂಟಿಫಿಕ್, ಹಿರೋಯಿಕ್, ಎಲೆಕ್ಟ್ರಿಕ್, ಡ್ರಮ್ಯಾಟಿಕ್. ಕೇಳದವು ಇನ್ನೊಂದು ಕಡೆ: ಅರಬಿಕ್, ಕ್ಯಾಥೊಲಿಕ್, ಲೂನಟಿಕ್, ಪಾಲಿಟಿಕ್ಸ್. ಇವುಗಳಲ್ಲಿ ಬಡಿತ ಮೊದಲ ಸಿಲಬಲ್ ಬಿಟ್ಟು ಕದಲುವುದಿಲ್ಲ. ಪಾಲಿಟಿಕ್ಸ್ ಮಾತ್ರ ಪೊಲಿಟಿಕಲ್ ಆದಾಗ ದಾರಿಗೆ ಬಂದು ಲಿ ಮೇಲೆ ಬಡಿಯುತ್ತದೆ.

ಗಣಿತದ ಪುಸ್ತಕದಲ್ಲಿ ಸಮಾಂತರ ಶ್ರೇಢಿ ಓದುತ್ತಿದ್ದ ಹುಡುಗಿಯೊಬ್ಬಳು ಒಂದು ದಿನ ಎದ್ದು ನಿಂತಳು. "ಮೇಡಂ, ಅರಿಥ್ಮೆಟಿಕ್ ಯಾವ ಕಡೆ ಬರೀಬೇಕು? ನೀವು ರಿಥ್ ಮೇಲೆ ಬಡಿದ್ರಿ, ರೇಡಿಯೊದಲ್ಲಿ ಮೆ ಮೇಲೆ ಹೇಳಿದ್ರು." ಮೇಡಂ ನಿಘಂಟು ತೆಗೆದು ಅವಳ ಕೈಗೇ ಕೊಟ್ಟರು. ಗೀಟುಗಳನ್ನು ನೋಡಿ ಅವಳೇ ಓದಿ ಹೇಳಿದಳು: ಅಂಕಗಣಿತ ಎಂಬ ನಾಮಪದವಾದರೆ ಬಡಿತ ರಿಥ್ ಮೇಲೆ, ವಿಶೇಷಣವಾಗಿ ಪ್ರೋಗ್ರೆಷನ್ ಮುಂದೆ ಬಂದರೆ ಮೆ ಮೇಲೆ. ಒಂದೇ ಸ್ಪೆಲಿಂಗ್, ಎರಡು ಬಡಿತ. ಅವಳು ಗೋಡೆಯ ಹತ್ತಿರ ಹೋಗಿ ಆ ಪದವನ್ನು ಎರಡೂ ಪಟ್ಟಿಯಲ್ಲಿ ಬರೆದಳು, ಪ್ರತಿ ಸಲವೂ ಗೀಟನ್ನು ಅದರದರ ಜಾಗದಲ್ಲಿ ಹಾಕಿ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, "ಹಂಗಾದ್ರೆ ಅದಕ್ಕೆ ಎಲ್-ವೈ ಹಚ್ಚಿದ್ರೆ ಯಾವುದರ ಮೇಲೆ, ಮೇಡಂ?"

ಮೇಡಂ ಉತ್ತರ ಹೇಳಲಿಲ್ಲ. ಹಿಂದಿನಿಂದ ಎಣಿಸು ಎಂದರು.